ಕಣ್ಣಿನ ಕೆಂಪು ಒಂದೇ, ಮದ್ದು ಬೇರೆ ಬೇರೆ

ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ನಮ್ಮ ಕಡೆ ಕಾಯಿಲೆ ಬೀಳಲಿಕ್ಕೂ ಪುರುಸೊತ್ತಿಲ್ಲ. ಹಣ್ಣಾದ ಎಲೆ ಕಾಯುವುದಿಲ್ಲ, ಬ್ಯಾರನ್ ಒಲೆ ಆರಿಸುವಂತಿಲ್ಲ, ಇವತ್ತು ಬಂದ ಆಳು ನಾಳೆ ಬರುವ ಭರವಸೆ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಬೆದ್ದಲು ಬೇಸಾಯಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಆತುರದಲ್ಲಿ ನಾನು ನನ್ನ ಎಡಗಣ್ಣಿನ ಮುಕ್ಕಾಲು ನೋಟ ಕಳೆದುಕೊಂಡೆ. ಕಳೆದದ್ದು ಎಲೆ ತಾಗಿದ್ದರಿಂದಲ್ಲ, ಆಮೇಲೆ ನಾನೇ ಮಾಡಿಕೊಂಡ ಮದ್ದಿನಿಂದ. ಅದಕ್ಕೇ ಈ ಬರಹ.

ನಾನು ಏಳನೇ ಕ್ಲಾಸು ಓದಿದವನು, ಡಾಕ್ಟರಲ್ಲ. ನಮ್ಮ ಮನೆ ಮತ್ತು ನೆಂಟರ ಮನೆಗಳಲ್ಲಿ ಆರೇಳು ವರ್ಷದಲ್ಲಿ ಐದು ಕಣ್ಣಿಗೆ ಪೆಟ್ಟಾಯಿತು. ಆಗ ಡಾಕ್ಟರುಗಳನ್ನು ಕೇಳಿ ತಿಳಿದದ್ದನ್ನು, ಮಗನ ಕೈಲಿ ಓದಿಸಿ ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಎಲೆ ತಾಗಿದ ದಿನ

2017ರ ಆಗಸ್ಟ್. ಮೂರನೇ ಸಲದ ಸೊಪ್ಪು ಮುರಿಯುತ್ತಿದ್ದೆವು. ಬಗ್ಗಿ ಕೆಳಗಿನ ಎಲೆ ಮುರಿದು ತಲೆ ಎತ್ತುವಾಗ ಪಕ್ಕದ ಸಾಲಿನ ಎಲೆಯ ತುದಿ ರಪ್ಪನೆ ಎಡಗಣ್ಣಿಗೆ ಬಡಿಯಿತು. ಸೊಪ್ಪಿನ ಜಿಡ್ಡು ಕೈಲಿ ಇದ್ದಂತೆಯೇ ಕಣ್ಣು ಉಜ್ಜಿಕೊಂಡೆ. ಅದು ಮೊದಲ ತಪ್ಪು. ನೀರು ಹಾಕಿ ತೊಳೆದು ಸಂಜೆವರೆಗೆ ಕೆಲಸ ಮಾಡಿದೆ.

ರಾತ್ರಿ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚತೊಡಗಿತು. ನಮ್ಮವ್ವ ಹರಳೆಣ್ಣೆ ಬಿಟ್ಟರು. ಮಾರನೇ ದಿನ ಪಕ್ಕದ ಮನೆಯ ಬಾಣಂತಿ ಎದೆಹಾಲು ಕೊಟ್ಟಳು. ಮೂರನೇ ದಿನ ಯಾರೋ ನಂದಿಬಟ್ಟಲು ಹೂವಿನ ರಸ ಒಳ್ಳೆಯದು ಎಂದರು, ಅದೂ ಆಯಿತು. ಯಾರನ್ನೂ ದೂರುವುದಿಲ್ಲ, ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದು. ಆದರೆ ಕಣ್ಣಿನ ಮೇಲೆ ಗಾಯವಿದ್ದಾಗ ಇವೆಲ್ಲ ಹೊರಗಿನ ಕ್ರಿಮಿಯನ್ನು ಒಳಕ್ಕೆ ಕರೆಯುವ ದಾರಿಗಳು ಎಂದು ಆಗ ತಿಳಿದಿರಲಿಲ್ಲ.

ನಾಲ್ಕನೇ ದಿನ ಬ್ಯಾರನ್‌ಗೆ ಸೌದೆ ತರಲು ಹೋದವನು ದಾರಿಯ ಔಷಧಿ ಅಂಗಡಿಯಲ್ಲಿ ಕಣ್ಣು ತೋರಿಸಿದೆ. ಕಣ್ಣು ಕೆಂಪಗಿದೆ ಎಂದು ಒಂದು ಹನಿ ಕೊಟ್ಟರು. ಹಾಕಿದ ದಿನವೇ ಉರಿ ಇಳಿಯಿತು, ಎರಡನೇ ದಿನಕ್ಕೆ ಕೆಂಪೂ ಕಡಿಮೆಯಾಯಿತು. "ಎಂಥಾ ಒಳ್ಳೆ ಮದ್ದು" ಎಂದು ಹೊಗಳಿದೆ. ಒಂದು ಬ್ಯಾರನ್ ಸೊಪ್ಪು ಇಳಿಸಿ ಇನ್ನೊಂದು ತುಂಬಿದೆವು.

ಒಂಬತ್ತನೇ ದಿನ ಬೆಳಿಗ್ಗೆ ಕನ್ನಡಿ ನೋಡಿದರೆ ಕರಿಗುಡ್ಡೆಯ ಮೇಲೆ ರಾಗಿ ಕಾಳಿನಷ್ಟು ಬಿಳಿ ಚುಕ್ಕೆ. ಹತ್ತನೇ ದಿನ ಅದು ಅವರೆಕಾಳಿನ ಮೊಳಕೆಯಷ್ಟಾಗಿತ್ತು. ತಲೆ ಸಿಡಿಯುವ ನೋವು. ಬೆಳಕು ನೋಡಲಾಗದು. ಹೆಂಡತಿ ಸೊಪ್ಪನ್ನು ಹೊಲದಲ್ಲೇ ಬಿಟ್ಟು ನನ್ನನ್ನು ಬಸ್ಸು ಹತ್ತಿಸಿದಳು. ಹುಣಸೂರಿನಿಂದ ಮೈಸೂರಿಗೆ ನಲವತ್ತೈದು ಕಿಲೋಮೀಟರು. ಆ ದಾರಿಯನ್ನು ನಾನು ಹತ್ತು ದಿನ ತಡವಾಗಿ ಹಿಡಿದಿದ್ದೆ.

ಡಾಕ್ಟರು ನೋಡಿದ ಬಗೆ

ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರು. ಮೊದಲ ಪ್ರಶ್ನೆ, "ಏನು ತಾಗಿತು ಯಜಮಾನ್ರೇ, ಎಷ್ಟು ದಿನವಾಯಿತು?" ಎರಡನೆಯದು, "ಏನೇನು ಹಾಕಿದ್ರಿ?" ನಾನು ಜೇಬಿನಿಂದ ಹನಿಯ ಬಾಟಲಿ ತೆಗೆದು ಕೊಟ್ಟೆ. ಚೀಟಿ ಓದಿ ಸ್ವಲ್ಪ ಹೊತ್ತು ಸುಮ್ಮನಾದರು. ಅದರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಇತ್ತು.

ಆಮೇಲೆ ನನ್ನ ಗಲ್ಲವನ್ನು ಒಂದು ಯಂತ್ರದ ಮೇಲೆ ಇಡಿಸಿದರು. ಸ್ಲಿಟ್ ಲ್ಯಾಂಪ್ ಎನ್ನುತ್ತಾರೆ. ಕೂದಲೆಳೆಯಂಥ ಬೆಳಕು ಬಿಟ್ಟು ಕಣ್ಣನ್ನು ದೊಡ್ಡದು ಮಾಡಿ ನೋಡುವ ಸಾಧನ ಅದು. ಕಿತ್ತಳೆ ಬಣ್ಣದ ಸಣ್ಣ ಕಾಗದವನ್ನು ಒದ್ದೆ ಮಾಡಿ ಕಣ್ಣಂಚಿಗೆ ತಾಗಿಸಿದರು. ನೀಲಿ ಬೆಳಕು ಬಿಟ್ಟರೆ, ಕಣ್ಣಿನ ಮೇಲ್ಪದರ ಎಲ್ಲಿ ಕಿತ್ತಿದೆಯೋ ಅಲ್ಲಿ ಮಾತ್ರ ಹಸಿರಾಗಿ ಹೊಳೆಯುತ್ತದಂತೆ. ಗಾಯ ಇದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ನನ್ನ ಕಣ್ಣಲ್ಲಿ ಬಿಳಿ ಚುಕ್ಕೆ ಇದ್ದ ಕಡೆಯೆಲ್ಲ ಹಸಿರು.

ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನ ಹಾಗೆ ಕಾಣುವ ಪದರವೇ ಕಾರ್ನಿಯಾ. ದಪ್ಪ ಅರ್ಧ ಮಿಲಿಮೀಟರಿನಷ್ಟು. ಅದರಲ್ಲಿ ರಕ್ತನಾಳ ಇಲ್ಲ, ಅದಕ್ಕೇ ತಿಳಿಯಾಗಿದೆ. ಅಲ್ಲಿ ಹುಣ್ಣಾಗಿ ಮಾಯ್ದರೆ ಬಿಳಿ ಕಲೆ ಉಳಿಯುತ್ತದೆ. ನಮ್ಮ ಹಿರಿಯರು 'ಕಣ್ಣಿಗೆ ಹೂ ಬಿತ್ತು' ಎನ್ನುತ್ತಿದ್ದುದು ಇದಕ್ಕೇ. ವಯಸ್ಸಾದವರಿಗೆ ಬರುವ ಪೊರೆ ಬೇರೆ, ಈ ಹೂ ಬೇರೆ.

ನನ್ನ ಕಣ್ಣಿಗೆ ಮರವಟ್ಟಿಸುವ ಹನಿ ಹಾಕಿ ಹುಣ್ಣಿನ ಅಂಚನ್ನು ಸ್ವಲ್ಪ ಕೆರೆದು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಂದು ಗಂಟೆಯೊಳಗೆ ಉತ್ತರ ಬಂತು: ನೂಲೆಳೆಯಂಥ ಶಿಲೀಂಧ್ರ. ನಮ್ಮ ಮಾತಲ್ಲಿ ಬೂಷ್ಟು.

ಹೊಲದ ಬೂಷ್ಟು ಕಣ್ಣಿನಲ್ಲಿ

ಕಣ್ಣಿನಲ್ಲಿ ಬೂಷ್ಟು ಬೆಳೆಯುತ್ತದೆ ಎಂದರೆ ನಂಬಲಾಗಲಿಲ್ಲ. ಡಾಕ್ಟರು ಫ್ಯುಸೇರಿಯಂ ಎಂಬ ಹೆಸರು ಹೇಳಿದರು. ಆ ಹೆಸರು ನಾನು ಕೇಳಿದ್ದೆ. ಬಾಳೆ, ತೊಗರಿ, ಕಡಲೆ ಗಿಡ ನಿಂತಂತೆಯೇ ಸೊರಗುವುದು ಫ್ಯುಸೇರಿಯಂ ಕುಲದ ಶಿಲೀಂಧ್ರದಿಂದ ಎಂದು ಕೃಷಿ ಇಲಾಖೆಯವರು ಹೇಳಿದ್ದರು. ಅದೇ ಕುಲದ್ದು ಕಣ್ಣಿಗೂ ಬರುತ್ತದೆ. ನೆಲಗಡಲೆಗೆ ಹಿಡಿಯುವ ಆಸ್ಪರ್ಜಿಲಸ್ ಜಾತಿಯದೂ ಬರುತ್ತದೆ. ಮಣ್ಣಲ್ಲಿ, ಎಲೆ ಮೇಲೆ, ಹೊಟ್ಟಿನಲ್ಲಿ ಅವು ಸದಾ ಇರುತ್ತವೆ. ಗಟ್ಟಿಯಾದ ಕಣ್ಣಿಗೆ ಏನೂ ಮಾಡವು. ಎಲೆ, ಸುಂಕು, ಕಡ್ಡಿ ಕಣ್ಣನ್ನು ಗೀರಿದರೆ ಅದೇ ಗೀರಿನಲ್ಲಿ ಬಿತ್ತನೆಯಾಗುತ್ತವೆ.

ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ 1994ರಲ್ಲಿ ಮೂರು ತಿಂಗಳು ಬಂದ ಕಾರ್ನಿಯಾ ಹುಣ್ಣಿನವರ ಲೆಕ್ಕ ತೆಗೆದಿದ್ದರು. 434 ಜನ. ಅವರಲ್ಲಿ 284 ಜನಕ್ಕೆ ಮೊದಲು ಕಣ್ಣಿಗೆ ಪೆಟ್ಟಾಗಿತ್ತು. ಪ್ರಯೋಗಾಲಯದಲ್ಲಿ ಕ್ರಿಮಿ ಬೆಳೆದು ಬಂದದ್ದು 297 ಜನರಲ್ಲಿ. ಅದರಲ್ಲಿ 140 ಬರೀ ಬ್ಯಾಕ್ಟೀರಿಯಾ, 139 ಬರೀ ಶಿಲೀಂಧ್ರ. ಅಂದರೆ ಅರ್ಧಕ್ಕರ್ಧ. ಬ್ಯಾಕ್ಟೀರಿಯಾ ಮದ್ದು ಶಿಲೀಂಧ್ರಕ್ಕೆ ನಾಟುವುದಿಲ್ಲ, ಶಿಲೀಂಧ್ರದ ಮದ್ದು ಬ್ಯಾಕ್ಟೀರಿಯಾಕ್ಕೆ ನಾಟುವುದಿಲ್ಲ. ಗಿಡದ ಕೊಳೆರೋಗಕ್ಕೂ ಹುಳಕ್ಕೂ ಒಂದೇ ಔಷಧಿ ಹೊಡೆಯುವವರುಂಟೇ? ಕಣ್ಣಿಗೆ ಮಾತ್ರ ನೋಡದೆ ಹೊಡೆಯುತ್ತೇವೆ.

ಹಾಗಾದರೆ ಸ್ಟಿರಾಯ್ಡ್ ಹಾಕಿದಾಗ ಕಣ್ಣು ಸರಿಹೋದಂತೆ ಕಂಡದ್ದು ಯಾಕೆ? ಡಾಕ್ಟರು ಹೇಳಿದ್ದು ಹೀಗೆ. ಕೆಂಪು, ಉರಿ, ನೀರು, ನೋವು, ಇವು ರೋಗವಲ್ಲ, ರೋಗದ ಜೊತೆ ಮೈ ಮಾಡುವ ಜಗಳ. ಉರಿಯೂತ ಎನ್ನುವುದು ಇದಕ್ಕೇ. ಸ್ಟಿರಾಯ್ಡ್ ಆ ಜಗಳವನ್ನು ನಿಲ್ಲಿಸುತ್ತದೆ. ಕ್ರಿಮಿಯನ್ನು ಕೊಲ್ಲುವುದಿಲ್ಲ. ಕಾವಲು ನಾಯಿಯ ಬಾಯಿ ಕಟ್ಟಿದರೆ ಬೊಗಳುವುದು ನಿಲ್ಲುತ್ತದೆ, ಕಳ್ಳ ಹೋಗಿರುವುದಿಲ್ಲ. ನನ್ನ ಕಣ್ಣಲ್ಲಿ ಐದಾರು ದಿನ ಕಳ್ಳನಿಗೆ ಯಾವ ತಡೆಯೂ ಇರಲಿಲ್ಲ.

ನನಗೆ ಕೊಟ್ಟದ್ದು ಶೇ. 5ರ ನ್ಯಾಟಮೈಸಿನ್ ಹನಿ. ಹಾಲಿನ ಹಾಗೆ ಬೆಳ್ಳಗಿರುತ್ತದೆ, ಚೆನ್ನಾಗಿ ಕುಲುಕಿ ಹಾಕಬೇಕು. ಎಚ್ಚರ ಇರುವಷ್ಟು ಹೊತ್ತು ಗಂಟೆಗೊಂದು ಸಲ. ಇದು ಹಳೆಯ ಮದ್ದು. ಹೊಸದಾದ ವೊರಿಕೊನಜೋಲ್ ಇದಕ್ಕಿಂತ ಮೇಲಿರಬಹುದೇ ಎಂದು ಅರವಿಂದ ಆಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಹೋಲಿಸಿ ನೋಡಿ 2013ರಲ್ಲಿ ಪ್ರಕಟಿಸಿದರು. ಹಳೆಯ ನ್ಯಾಟಮೈಸಿನ್ನೇ ಮೇಲಾಯಿತು, ಅದರಲ್ಲೂ ಫ್ಯುಸೇರಿಯಂ ಹುಣ್ಣಿನಲ್ಲಿ.

ಜೊತೆಗೆ ಪಾಪೆ ಅಗಲಿಸುವ ಇನ್ನೊಂದು ಹನಿ ಕೊಟ್ಟರು. ಕಣ್ಣಿನ ಒಳಗೂ ಉರಿಯೂತ ಇತ್ತು. ಆಗ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಳ್ಳುವ ಭಯ ಇರುತ್ತದೆ. ಅಂಟಿದರೆ ಕಣ್ಣಿನ ಒತ್ತಡ ಏರಬಹುದು. ಅಗಲಿಸಿ ಇಟ್ಟರೆ ಅಂಟುವುದು ಕಡಿಮೆ, ನೋವೂ ಕಡಿಮೆ.

ಏಳು ವಾರ ಹಿಡಿಯಿತು. ಗಂಟೆಗೊಂದು ಹನಿ ಹಾಕುವವನು ಬ್ಯಾರನ್ ಕಾಯುವುದು ಹೇಗೆ? ಹಣ್ಣಾದ ಸೊಪ್ಪು ಹೊಲದಲ್ಲೇ ಕರಗಿತು. ಹರಾಜು ಕಟ್ಟೆಗೆ ಹೋದದ್ದು ಮುಂಚಿನ ವರ್ಷದ ಅರ್ಧ ಬೇಲು. ಹುಣ್ಣು ಮಾಯ್ದಿತು, ಹೂ ಉಳಿಯಿತು. ಈಗ ಬಲಗಣ್ಣು ಮುಚ್ಚಿಕೊಂಡರೆ ಎದುರಿಗೆ ನಿಂತವರು ಗಂಡಸೋ ಹೆಂಗಸೋ ತಿಳಿಯುತ್ತದೆ, ಯಾರು ಎಂದು ತಿಳಿಯುವುದಿಲ್ಲ.

ಸೊಸೆಯ ಕಣ್ಣು

ಎರಡು ವರ್ಷ ಕಳೆದು, 2019ರ ಡಿಸೆಂಬರ್. ಕಣದಲ್ಲಿ ರಾಗಿ ತೂರುವಾಗ ಸೊಸೆಯ ಕಣ್ಣಿಗೆ ಹೊಟ್ಟು ಬಿತ್ತು. ನಮ್ಮವ್ವ ಹಳೇ ರೂಢಿಯಂತೆ ನಾಲಿಗೆಯಿಂದ ತೆಗೆಯಲು ಹೋದರು. "ಬೇಡ ಕಣವ್ವ" ಎಂದು ತಡೆದೆ. ಬಿಂದಿಗೆಯ ಕುಡಿಯುವ ನೀರಲ್ಲಿ ತೊಳೆದೆವು. ಕಸ ಹೋಯಿತು, ಚುಚ್ಚುವುದು ಹೋಗಲಿಲ್ಲ. ರಾಶಿಗೆ ತಾಟು ಮುಚ್ಚಿ ಮಧ್ಯಾಹ್ನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅದೇ ಕಿತ್ತಳೆ ಕಾಗದ, ಅದೇ ನೀಲಿ ಬೆಳಕು. ಗುಂಡುಸೂಜಿ ಎಳೆದಷ್ಟು ಒಂದು ಹಸಿರು ಗೀರು. ಬಿಳಿ ಚುಕ್ಕೆ ಇಲ್ಲ. ಕೆಳ ರೆಪ್ಪೆಯೊಳಗೆ ಹಚ್ಚಲು ಆಂಟಿಬಯಾಟಿಕ್ ಮುಲಾಮು ಕೊಟ್ಟರು. ಕಣ್ಣಿಗೆ ಬಿಗಿಯಾಗಿ ಪಟ್ಟಿ ಕಟ್ಟಬೇಡಿ ಎಂದರು. ಎಲೆ, ಹೊಟ್ಟು ತಾಗಿದ ಕಣ್ಣನ್ನು ಕಟ್ಟಿಟ್ಟರೆ ಒಳಗೆ ಬೆಚ್ಚಗಾಗಿ ಕ್ರಿಮಿಗೆ ಅನುಕೂಲ. ಎರಡು ದಿನ ಬಿಟ್ಟು ಮತ್ತೆ ಬನ್ನಿ ಎಂದರು. ಹೋದಾಗ ಗೀರು ಮಾಯ್ದಿತ್ತು. ನಮಗೆ ತಗುಲಿದ್ದು ಎರಡು ಬಸ್ ಚಾರ್ಜು, ಅರ್ಧ ದಿನದ ಕೆಲಸ.

ಬೇಗ ಹೋಗುವುದು ಎಷ್ಟು ಮುಖ್ಯ ಎಂಬುದಕ್ಕೆ ನೇಪಾಳದ ಭಕ್ತಪುರದಲ್ಲಿ ನಡೆದ ಒಂದು ಕೆಲಸ ಸಾಕ್ಷಿ. ಅಲ್ಲಿನವರೂ ನಮ್ಮ ಹಾಗೆ ಹೊಲದವರು. ಊರಿನ ಆರೋಗ್ಯ ಕಾರ್ಯಕರ್ತರಿಗೆ ಕಣ್ಣಿನ ಗೀರು ಗುರುತಿಸಲು ಕಲಿಸಿ, ಶೇ. 1ರ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲ, ಮೂರು ದಿನ ಹಚ್ಚಿಸಿದರು. ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಗೀರಾದ 442 ಜನರಲ್ಲಿ 424 ಜನಕ್ಕೆ ಸೋಂಕಿಲ್ಲದೆ ಮಾಯ್ದಿತ್ತು. ಪೆಟ್ಟಾದ 18 ಗಂಟೆಯೊಳಗೆ ಬಂದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 18ರಿಂದ 24 ಗಂಟೆಯೊಳಗೆ ಬಂದ 109ರಲ್ಲಿ 4 ಜನಕ್ಕೆ ಆಯಿತು. ಎರಡನೇ ದಿನ ಬಂದ 49ರಲ್ಲಿ 14 ಜನಕ್ಕೆ ಆಯಿತು. ಲೆಕ್ಕವನ್ನು ಎರಡು ಸಲ ಓದಿ. ನಾನು ಹೋದದ್ದು ಹತ್ತನೇ ದಿನ.

ಮುಲಾಮೇ ಮಂತ್ರ ಎಂದೂ ತಿಳಿಯಬಾರದು. ನೇಪಾಳದಲ್ಲೇ ಆಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ, ಊರೂರಿಗೆ ಮುಲಾಮಿನ ವ್ಯವಸ್ಥೆ ಮಾಡಿದರೂ ಒಟ್ಟು ಹುಣ್ಣಿನ ಸಂಖ್ಯೆ ಇಳಿದದ್ದು ಕಾಣಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಮುಲಾಮು ಮನೆಯಲ್ಲಿದೆ ಎಂದು ಕೂರುವ ಹಾಗಿಲ್ಲ. ಕಣ್ಣನ್ನು ಬಲ್ಲವರು ನೋಡಲೇಬೇಕು.

ಭಾಮೈದನ ಕಣ್ಣು

ಪಿರಿಯಾಪಟ್ಟಣದ ಕಡೆಯ ನನ್ನ ಭಾಮೈದ 2021ರಲ್ಲಿ ನೊಗ ಹೂಡುವಾಗ ಎತ್ತು ತಲೆ ಕೊಡವಿ ಕೊಂಬಿನ ಬುಡ ಕಣ್ಣಿಗೆ ಬಡಿಯಿತು. ಗೀರಿಲ್ಲ, ರಕ್ತ ಇಲ್ಲ. ಎರಡನೇ ದಿನ ಕಣ್ಣು ಕೆಂಪಾಯಿತು. ನಾನು ಹೋಗಿ ನೋಡಿದರೆ ನನ್ನ ಹಳೇ ಕಣ್ಣೇ ಎದುರಿಗಿದ್ದ ಹಾಗಿತ್ತು. "ಭಾವ, ಬೆಳಕು ನೋಡಕ್ಕಾಗ್ತಿಲ್ಲ, ಒಳಗೇ ಜಗಿತದೆ" ಎಂದ. ಪಿಸುರು ಇರಲಿಲ್ಲ. ಕೆಂಪು ಮಾತ್ರ ಕರಿಗುಡ್ಡೆಯ ಸುತ್ತ ಬಳೆಯ ಹಾಗೆ ಕಟ್ಟಿತ್ತು.

ಮೈಸೂರಿಗೆ ಕರೆದುಕೊಂಡು ಹೋದೆ. ಹಸಿರು ಎಲ್ಲೂ ಹೊಳೆಯಲಿಲ್ಲ. ಆದರೆ ಸ್ಲಿಟ್ ಲ್ಯಾಂಪಿನ ಬೆಳಕಿನಲ್ಲಿ ಕಣ್ಣೊಳಗಿನ ನೀರಿನಲ್ಲಿ ಕಣಗಳು ತೇಲುತ್ತಿದ್ದವಂತೆ, ಹೆಂಚಿನ ಸಂದಿಯ ಬಿಸಿಲುಕೋಲಿನಲ್ಲಿ ದೂಳು ತೇಲುವ ಹಾಗೆ. ಇದು ಕ್ರಿಮಿಯಿಂದ ಆದದ್ದಲ್ಲ, ಪೆಟ್ಟಿನಿಂದ ಒಳಗೇ ಎದ್ದ ಉರಿಯೂತ. ಒತ್ತಡ ಅಳೆದರು. ಪಾಪೆ ಅಗಲಿಸುವ ಹನಿ ಬರೆದರು. ಇನ್ನೊಂದು ಹನಿಯ ಹೆಸರು ಕೇಳಿ ನಾನು ಕುರ್ಚಿಯಿಂದ ಎದ್ದೆ.

"ಮೇಡಂ, ಅದು ಸ್ಟಿರಾಯ್ಡ್ ಅಲ್ವಾ? ನನ್ನ ಕಣ್ಣು ತಿಂದದ್ದು ಅದೇ."

ಅವರು ಕೂರಿಸಿ ಹೇಳಿದರು. "ನಿಮ್ಮ ಕಣ್ಣಲ್ಲಿ ಗಾಯ ಇತ್ತು, ಬೂಷ್ಟು ಇತ್ತು. ಅಲ್ಲಿ ಇದು ವಿಷ. ಇವರ ಕಣ್ಣಲ್ಲಿ ಗಾಯ ಇಲ್ಲ, ಕ್ರಿಮಿ ಇಲ್ಲ, ಉರಿಯೂತವೇ ಕಣ್ಣನ್ನು ಕೆಡಿಸುತ್ತಾ ಇದೆ. ಇಲ್ಲಿ ಇದೇ ಮದ್ದು. ಅದಕ್ಕೇ ಮೊದಲು ನೋಡಬೇಕು, ಆಮೇಲೆ ಹಾಕಬೇಕು."

ಭಾಮೈದನ ಕಣ್ಣು ಮೂರು ವಾರದಲ್ಲಿ ತಿಳಿಯಾಯಿತು. ಹನಿಯನ್ನು ಒಮ್ಮೆಗೇ ನಿಲ್ಲಿಸದೆ ದಿನದಿನಕ್ಕೆ ಕಡಿಮೆ ಮಾಡಿಸಿದರು. ಇಂಥ ಪೆಟ್ಟು ಬಿದ್ದ ಕಣ್ಣಿನಲ್ಲಿ ವರ್ಷಗಳಾದ ಮೇಲೂ ಒತ್ತಡ ಏರಬಹುದು, ಆಗಾಗ ಅಳೆಸಿಕೊಳ್ಳಿ ಎಂದು ಹೇಳಿ ಕಳಿಸಿದರು.

ನನಗೆ ಬುದ್ಧಿ ಬಂದದ್ದು ಅವತ್ತು. ಅಲ್ಲಿಯವರೆಗೆ ಆ ಹನಿಯನ್ನೇ ಬೈಯುತ್ತಿದ್ದೆ. ಹನಿಯಲ್ಲಿ ದೋಷವಿಲ್ಲ. ಹೊರಗಿನಿಂದ ನೋಡಿದರೆ ಎರಡು ಕಣ್ಣೂ ಒಂದೇ ಕೆಂಪು. ಮದ್ದು ಒಂದಕ್ಕೊಂದು ತದ್ವಿರುದ್ಧ. ಆ ವ್ಯತ್ಯಾಸ ಅಂಗಡಿಯ ಕಟ್ಟೆಯ ಮೇಲೆ ನಿಂತು ಯಾರಿಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ.

ಗೂಡಿನಲ್ಲಿ ಉಳಿದ ಬಾಟಲಿ

ಕತೆ ಇಲ್ಲಿಗೆ ಮುಗಿಯಲಿಲ್ಲ. ಎರಡು ತಿಂಗಳ ಮೇಲೆ ಭಾಮೈದನ ಮನೆಗೆ ಹೋಗಿದ್ದೆ. ಮುಸುಕಿನ ಜೋಳ ಮುರಿಯುತ್ತಿದ್ದ ಆಳುಮಗನೊಬ್ಬನಿಗೆ ಗರಿಯ ಅಂಚು ಕಣ್ಣಿಗೆ ಕೊಯ್ದಿತ್ತು. ಭಾಮೈದನ ಹೆಂಡತಿ ಒಳ್ಳೆಯ ಮನಸ್ಸಿನಿಂದಲೇ ಗೋಡೆ ಗೂಡಿನಿಂದ ಬಾಟಲಿ ತಂದಳು. "ಇವರಿಗೆ ವಾಸಿಯಾಯ್ತಲ್ಲ, ಎರಡು ತೊಟ್ಟು ಬಿಡ್ತೀನಿ ಬಾ ಅಣ್ಣ" ಎಂದು ಮುಚ್ಚಳ ಬಿಚ್ಚಿದ್ದಳು. ಅದೇ ಸ್ಟಿರಾಯ್ಡ್. ನಾನು ಬಾಟಲಿ ಕಿತ್ತುಕೊಂಡು ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ. ಪರೀಕ್ಷೆಯಲ್ಲಿ ಹಸಿರು ಗೀರು ಹೊಳೆಯಿತು. ಮುಲಾಮಿನಲ್ಲಿ ವಾಸಿಯಾಯಿತು. ನಾನು ಅವತ್ತು ಹೋಗದೆ ಇದ್ದಿದ್ದರೆ? ಅವನಿಗೆ ಇರುವುದು ಎರಡು ಕೈ ಎರಡು ಕಣ್ಣು, ಹೊಲ ಇಲ್ಲ. ಕಣ್ಣು ಹೋದರೆ ಕೂಲಿಗೆ ಕರೆಯುವವರು ಯಾರು?

ಒಬ್ಬರಿಗೆ ವಾಸಿ ಮಾಡಿದ ಬಾಟಲಿ ಇನ್ನೊಬ್ಬರ ಕಣ್ಣು ತೆಗೆಯಬಹುದು. ಚಿಕಿತ್ಸೆ ಮುಗಿದ ದಿನವೇ ಎಸೆದುಬಿಡಿ. ತೆರೆದ ಹನಿ ಹೇಗೂ ತಿಂಗಳ ಮೇಲೆ ಬಳಸಬಾರದು.

ತೂತಾದ ಕಣ್ಣು

ಮಗಳನ್ನು ಕೆ.ಆರ್. ನಗರದ ಕಡೆ ಕೊಟ್ಟಿದ್ದೇವೆ. ಅಲ್ಲಿ ನಮ್ಮ ಬೀಗರು ಕುಂಟೆಯ ಕುಳ ಬಡಿಯುವಾಗ ಕಬ್ಬಿಣದ ಚೂರು ಹಾರಿ ಕಣ್ಣಿಗೆ ಹೊಕ್ಕಿತು. ಅವರ ಮನೆಯವರು ಒಂದು ಜಾಣತನ ಮಾಡಿದರು. ತೊಳೆಯಲಿಲ್ಲ, ಒತ್ತಲಿಲ್ಲ, ಏನೂ ಹಾಕಲಿಲ್ಲ. ಕಾಗದದ ಲೋಟವನ್ನು ಕಣ್ಣಿನ ಮೇಲೆ ತಾಗದ ಹಾಗೆ ಮುಚ್ಚಿ ಅಂಟಿಸಿ ನೇರ ಮೈಸೂರಿಗೆ ಹೋದರು. ಅವತ್ತೇ ಆಪರೇಷನ್ ಆಗಿ ಕಣ್ಣು ಉಳಿಯಿತು.

ತೂತಾದ ಕಣ್ಣನ್ನು ಉಪೇಕ್ಷೆ ಮಾಡಿದರೆ ಅಪರೂಪಕ್ಕೆ ಇನ್ನೊಂದು ಅಪಾಯ ಇದೆ. ಪೆಟ್ಟೇ ಬೀಳದ ಇನ್ನೊಂದು ಕಣ್ಣಿಗೂ ಉರಿಯೂತ ಹತ್ತಬಹುದು. ಕುರುಡರು ಬೆರಳಿನಿಂದ ಓದುವ ಲಿಪಿ ಮಾಡಿದ ಫ್ರಾನ್ಸಿನ ಲೂಯಿ ಬ್ರೈಲ್ ಹುಟ್ಟುಕುರುಡನಲ್ಲ. 1809ರಲ್ಲಿ ಹುಟ್ಟಿದವನು. ಮೂರು ವರ್ಷದ ಮಗು ಅಪ್ಪನ ಚರ್ಮದ ಕೆಲಸದ ಅಂಗಡಿಯಲ್ಲಿ ಆಡುವಾಗ ದಬ್ಬಳದಂಥ ಹತಾರ ಒಂದು ಕಣ್ಣಿಗೆ ಚುಚ್ಚಿತು. ನಂಜು ಇನ್ನೊಂದು ಕಣ್ಣಿಗೂ ಹಬ್ಬಿ ಐದು ವರ್ಷಕ್ಕೆ ಎರಡೂ ಹೋದವು. ಅವನ ಕಾಲದಲ್ಲಿ ಮದ್ದಿರಲಿಲ್ಲ. ನಮ್ಮ ಕಾಲದಲ್ಲಿ ಇದೆ.

ನಾವು ಪಾಲಿಸುತ್ತಿರುವುದು

ನಮ್ಮ ಮನೆಯಲ್ಲೂ ನೆಂಟರ ಮನೆಗಳಲ್ಲೂ ಈಗ ಇಷ್ಟನ್ನು ಪಾಲಿಸುತ್ತೇವೆ. ನೀವೂ ಬ್ಯಾರನ್ ಗೋಡೆಗೆ ಬರೆದು ಅಂಟಿಸಬಹುದು.

1. ಕಣ್ಣಿಗೆ ಏನೇ ತಾಗಿದರೂ ಉಜ್ಜಬಾರದು. ಕಸ, ದೂಳು ಬಿದ್ದರೆ ಕುಡಿಯುವ ನೀರಲ್ಲಿ ತೊಳೆಯುವುದು. ಸುಣ್ಣ, ಔಷಧಿ ಸಿಡಿದರೆ ನಿಂತ ಜಾಗದಲ್ಲೇ ಅರ್ಧ ಗಂಟೆ ನೀರು ಬಿಟ್ಟು ಆಮೇಲೆ ಆಸ್ಪತ್ರೆಗೆ ಓಡುವುದು.

2. ಚೂಪಾದ್ದು ಚುಚ್ಚಿದ್ದರೆ ಕೀಳಬಾರದು, ತೊಳೆಯಬಾರದು, ಒತ್ತಬಾರದು. ಮೇಲೆ ತಾಗದ ಹಾಗೆ ಲೋಟ ಮುಚ್ಚಿ ಹೊರಡುವುದು.

3. ಎಣ್ಣೆ, ಎದೆಹಾಲು, ಸೊಪ್ಪಿನ ರಸ, ಹೂವಿನ ರಸ, ನಾಲಿಗೆ, ಯಾವುದೂ ಬೇಡ. ಎತ್ತಿನ ಕಣ್ಣಿಗೆ ಉಪ್ಪು ಅಗಿದು ಉಗಿಯುವುದನ್ನೂ ಬಿಟ್ಟಿದ್ದೇವೆ, ಪಶುವೈದ್ಯರಿಗೆ ತೋರಿಸುತ್ತೇವೆ.

4. ಎಲೆ, ಸುಂಕು, ಹೊಟ್ಟು, ಹತ್ತಿಕಡ್ಡಿ, ದನದ ಬಾಲ ತಾಗಿ ಚುಚ್ಚುವುದು ನಿಲ್ಲದಿದ್ದರೆ ಅವತ್ತೇ, ತಪ್ಪಿದರೆ ಮಾರನೇ ಬೆಳಿಗ್ಗೆ ಕಣ್ಣಿನ ಡಾಕ್ಟರಿಗೆ ತೋರಿಸುವುದು. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನವರು ಯಾವ ದಿನ ಇರುತ್ತಾರೆ ಎಂದು ಸುಗ್ಗಿಗೆ ಮೊದಲೇ ಕೇಳಿಟ್ಟುಕೊಂಡಿದ್ದೇವೆ.

5. ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ, ನೋಟ ಮಂಜು, ಬೆಳಕು ನೋಡಲಾಗದ ನೋವು, ಪಾಪೆ ಸೊಟ್ಟಗಾಗುವುದು, ಕಣ್ಣೊಳಗೆ ರಕ್ತ ಅಥವಾ ಕೀವು ನಿಂತಂತೆ ಕಾಣುವುದು, ಇವುಗಳಲ್ಲಿ ಒಂದಿದ್ದರೂ ಒಂದು ಗಂಟೆಯೂ ಕಾಯುವುದಿಲ್ಲ.

6. ಅಂಗಡಿಯಿಂದ ತಾವೇ ಕೇಳಿ ಹನಿ ತರುವುದಿಲ್ಲ. ಚೀಟಿಯಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಆಂಟಿಬಯಾಟಿಕ್ ಜೊತೆ ಬೆರೆಸಿಯೂ ಬರುತ್ತದೆ. ಇಂಗ್ಲಿಷ್ ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಲಿ ಓದಿಸಿ.

7. ಆಸ್ಪತ್ರೆಗೆ ಹೋಗುವಾಗ ಹಾಕಿದ ಮದ್ದಿನ ಬಾಟಲಿಗಳನ್ನೆಲ್ಲ ಒಯ್ಯುವುದು. ನಾಚಿಕೆಪಟ್ಟು ಮುಚ್ಚಿಡಬಾರದು.

8. ರಾಗಿ ತೂರುವಾಗ, ಹುರುಳಿ ಬಡಿಯುವಾಗ, ಕಳೆ ಕೊಯ್ಯುವ ಯಂತ್ರ ಹಿಡಿದಾಗ, ಕಬ್ಬಿಣ ಬಡಿಯುವಾಗ ಅಗ್ಗದ ಪ್ಲಾಸ್ಟಿಕ್ ಕನ್ನಡಕ ಹಾಕುವುದು. ಸೊಪ್ಪು ಮುರಿಯುವಾಗ ಬೆವರಿಗೆ ಕನ್ನಡಕ ಮಂಜಾಗುತ್ತದೆ ಎಂದು ಆಳುಗಳು ತೆಗೆದಿಡುತ್ತಾರೆ. ಇದಕ್ಕೆ ನಾನಿನ್ನೂ ದಾರಿ ಕಂಡಿಲ್ಲ. ಕಂಡವರು ಬರೆಯಿರಿ.

ಕೊನೆಗೆ

ನನ್ನ ಕಣ್ಣಿನ ಹೂವಿಗೆ ಕಾರ್ನಿಯಾ ಬದಲಿಸುವ ದಾರಿ ಇದೆ ಎಂದಿದ್ದಾರೆ. ಅದಕ್ಕೆ ಸತ್ತವರು ಕೊಟ್ಟ ಕಣ್ಣು ಬೇಕು. 2006ರಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣು ದಾನವಾಯಿತು. 2021ರಲ್ಲಿ ಮಗ ಪುನೀತ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ಬೆಂಗಳೂರಿನಲ್ಲಿ ನಾಲ್ಕು ಜನಕ್ಕೆ ಹಾಕಿದರು. ಅದಾದ ಮೇಲೆ ನಮ್ಮ ಊರಲ್ಲೂ ಕೆಲವರು ಕಣ್ಣು ಕೊಡುವುದಾಗಿ ಬರೆದುಕೊಟ್ಟರು. ನಾನೂ, ಹೆಂಡತಿಯೂ ಬರೆದುಕೊಟ್ಟಿದ್ದೇವೆ. ನನಗೆ ಬಲಗಣ್ಣು ಇದೆ, ಕೆಲಸ ನಡೆಯುತ್ತಿದೆ. ಎರಡೂ ಹೋದವರು ಮೊದಲು ಪಡೆಯಲಿ ಎಂದು ಸುಮ್ಮನಿದ್ದೇನೆ.

ಈ ಸಲವೂ ಸೊಪ್ಪು ನಾಟಿ ಆಗಿದೆ. ಮುರಿಯುವ ಕಾಲ ಬರುತ್ತದೆ, ಬ್ಯಾರನ್ ಹಚ್ಚುತ್ತೇವೆ, ಯಾರದಾದರೂ ಕಣ್ಣಿಗೆ ಎಲೆ ತಾಗಿಯೇ ತಾಗುತ್ತದೆ. ಅವತ್ತು ಒಂದು ದಿನದ ಸೊಪ್ಪು ಹೋದರೆ ಹೋಗಲಿ ಎಂದು ಎದ್ದು ಹೊರಡಿ. ಆ ಒಂದು ದಿನ ಉಳಿಸಿಕೊಳ್ಳಲು ಹೋಗಿ ನಾನು ಎರಡು ಬ್ಯಾರನ್ ಸೊಪ್ಪನ್ನೂ ಒಂದು ಕಣ್ಣನ್ನೂ ಕಳೆದುಕೊಂಡೆ.